ಫೋನ್ ಹತ್ತದ ಮಗನನ್ನು ಹುಡುಕುವ ದಾರಿ

ಬಿಸ್ಕೀಟಿನ ಹಳೇ ತಗಡಿನ ಡಬ್ಬಿಯೊಂದನ್ನು ಆ ತಾಯಿ ನನ್ನ ಮುಂದೆ ಸರಿಸಿದರು. ಒಳಗೆ ಮಗನ ಪಾಸ್‌ಪೋರ್ಟಿನ ಝೆರಾಕ್ಸ್, ರಬ್ಬರ್ ಹಾಕಿ ಸುತ್ತಿಟ್ಟ ರೊಕ್ಕದ ರಸೀದಿಗಳು, ಒಂದು ಕೊರಿಯರ್ ಲಕೋಟೆ, ಎರಡು ಫೋಟೊ, ಬ್ಯಾಂಕ್ ಪಾಸ್‌ಬುಕ್ಕು. “ಇದರಾಗ ಏನೂ ಇಲ್ರಿ ಸರ, ಎಲ್ಲಾ ಹಳೇವು” ಅಂದರು.

ಅವರ ಮನೆ ಇರುವುದು ಹುಬ್ಬಳ್ಳಿಯ ಗಬ್ಬೂರಿನಲ್ಲಿ, ನರೇಂದ್ರದ ಕಡೆ ಹೋಗುವ ಬೈಪಾಸ್ ಶುರುವಾಗುವಲ್ಲಿಂದ ಕೂಗಳತೆ ದೂರಕ್ಕೆ. ರಾತ್ರಿಯಿಡೀ ಲಾರಿಗಳ ಸದ್ದು. ಗಂಡ ಹೆಂಡತಿ ಇಬ್ಬರೂ ಬರಗಾಲಕ್ಕೆ ಬೇಸತ್ತು ಗದಗ ಸೀಮೆಯ ಹಳ್ಳಿ ಬಿಟ್ಟು ಇಲ್ಲಿಗೆ ದುಡಿಯಲು ಬಂದವರು. ಮಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೊಲ್ಲಿ ರಾಷ್ಟ್ರ ಸೇರಿದ. ಒಂದು ದಿನ ಫೋನಿನಲ್ಲಿ ಮದುವೆ ಮಾತಿಗೆ ಜಗಳವಾಯಿತು. ಆಮೇಲೆ ಆ ನಂಬರ್ ಹತ್ತಲೇ ಇಲ್ಲ. “ಎರಡ ವರ್ಷ ಆತ್ರಿ. ಅಂವ ಅದಾನೋ ಇಲ್ಲೋ, ಅಷ್ಟ ಗೊತ್ತಾದ್ರ ಸಾಕ್ರಿ.” ಹೆಸರು ಬೇಡ ಎಂದಿದ್ದಾರೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ನಾನು ಆ ತಾಯಿಗೆ ಹೇಳಿದ ಮೊದಲ ಕೆಲಸ ತೀರಾ ಸಣ್ಣದು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬನ್ನಿ ಅಂದೆ. ರೊಕ್ಕ ಬರುವುದು ನಿಂತಿದೆ ಎಂದುಕೊಂಡು ಅವರು ವರ್ಷದ ಮೇಲೆ ಎಂಟ್ರಿ ಹಾಕಿಸಿರಲಿಲ್ಲ. ಮೆಷಿನ್ನು ಕರಕರ ಅನ್ನುತ್ತಾ ಎರಡು ಪುಟ ಅಚ್ಚು ಹಾಕಿತು. ಗ್ಯಾಸ್ ಸಬ್ಸಿಡಿ, ಬಡ್ಡಿ, ಮತ್ತೆ ಬಡ್ಡಿ. ನಡುವೆ ಎರಡು ಸಾಲು ಹೊರದೇಶದಿಂದ ಬಂದ ಜಮೆ. ಎರಡೂ ಆ ಜಗಳವಾದ ಮೇಲಿನವು. ಎರಡನೆಯದು ನಾಲ್ಕು ತಿಂಗಳ ನಂತರದ್ದು.

ಅಂದರೆ ಹುಡುಗ ಕಾಣೆಯಾಗಿರಲಿಲ್ಲ, ಮಾತು ಬಿಟ್ಟಿದ್ದ. ಇವೆರಡೂ ಬೇರೆ ಬೇರೆ, ಹುಡುಕುವ ದಾರಿಗಳೂ ಬೇರೆ. ಮಗನೋ ಮಗಳೋ ಹೊರದೇಶದಲ್ಲಿ ದನಿ ಅಡಗಿಸಿದಾಗ ಹೆತ್ತವರು ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ. ಹೆಚ್ಚಿನವರು ಇದನ್ನು ಬಿಟ್ಟು ನೇರವಾಗಿ ಶಾಸಕರ ಮನೆಗೋ ಟಿವಿ ಚಾನೆಲ್ಲಿಗೋ ಹೋಗುತ್ತಾರೆ. ಮಾತು ಬಿಟ್ಟವನ ಫೋಟೊ ‘ಕಾಣೆಯಾಗಿದ್ದಾನೆ’ ಎಂದು ಊರೆಲ್ಲ ಓಡಾಡಿದರೆ, ಅವನು ಮತ್ತೆ ಮಾತಾಡುವ ಸಾಧ್ಯತೆಯ ಮೇಲೆ ಕಲ್ಲು ಹಾಕಿದಂತೆ.

ಕಾಣೆ ಎಂದು ಹಿಡಿಯಬೇಕಾದ ಲಕ್ಷಣಗಳೂ ಇವೆ. ಜಗಳವಿಲ್ಲದೆ ಏಕಾಏಕಿ ಮೌನ. ಕೊನೆಯ ಕರೆಯಲ್ಲಿ ಸಂಬಳ ಕೊಟ್ಟಿಲ್ಲ, ಪಾಸ್‌ಪೋರ್ಟ್ ಕಸಿದುಕೊಂಡಿದ್ದಾರೆ, ಬೇರೆ ದೇಶಕ್ಕೆ ಕರೆದೊಯ್ಯುತ್ತಿದ್ದಾರೆ ಎಂಬ ಮಾತು. ಜೊತೆಗಿದ್ದ ಗೆಳೆಯರಿಗೂ ಸುದ್ದಿಯಿಲ್ಲ. ಆ ಜಾಗದಲ್ಲಿ ಯುದ್ಧ ಅಥವಾ ದಂಗೆ. ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, ಅದೇ ದಿನ ದೂರು ಕೊಡಿ. ಕೆಲಸದ ಆಸೆಗೆ ರಷ್ಯಾಕ್ಕೆ ಹೋಗಿ ಯುದ್ಧಭೂಮಿ ಸೇರಿದ ಕಲಬುರಗಿಯ ಯುವಕರು 2024ರ ಸೆಪ್ಟೆಂಬರಿನಲ್ಲಿ ಊರು ಸೇರಿದ್ದು, ಮನೆಯವರು ಸುಮ್ಮನೆ ಕೂರದೆ ತಿಂಗಳುಗಟ್ಟಲೆ ಬಾಗಿಲು ಬಡಿದ ಮೇಲೆ. ಸುಡಾನಿನಲ್ಲಿ ಸಿಕ್ಕಿಬಿದ್ದಿದ್ದ ನಮ್ಮ ಹಕ್ಕಿಪಿಕ್ಕಿ ಜನರ ವಿಚಾರದಲ್ಲಿಯೂ ಹಾಗೆಯೇ: 2023ರ ಏಪ್ರಿಲ್‌ನಲ್ಲಿ ಎಷ್ಟು ಜನ, ಯಾವ ಊರಿನಲ್ಲಿ ಎಂಬುದು ಹೊರಬಿದ್ದ ಮೇಲೆಯೇ ಸುದ್ದಿ ದೆಹಲಿ ಮುಟ್ಟಿತು, ‘ಆಪರೇಷನ್ ಕಾವೇರಿ’ಯಲ್ಲಿ ಅವರು ಮರಳಿದರು.

ಮತ್ತೆ ಆ ಡಬ್ಬಿಗೆ ಬರೋಣ. ಹಳೇವು ಎಂದು ಅವರು ಸರಿಸಿದ ಕಾಗದಗಳಲ್ಲೇ ಅರ್ಧ ಹುಡುಕಾಟ ಇರುತ್ತದೆ. ಪಾಸ್‌ಪೋರ್ಟಿನ ಮೊದಲ ಪುಟದಷ್ಟೇ ಕೊನೆಯ ಪುಟವೂ ಮುಖ್ಯ. ತಂದೆತಾಯಿ ಹೆಸರು, ವಿಳಾಸ, ಫೈಲ್ ನಂಬರ್ ಇರುವುದು ಅಲ್ಲಿ. ನೀವೇ ಅವನ ಹೆತ್ತವರು ಎಂದು ರಾಯಭಾರ ಕಚೇರಿಗೆ ತೋರಿಸುವ ಕಾಗದವೂ ಅದೇ. ವೀಸಾ ಪ್ರತಿಯಲ್ಲಿ ಪ್ರಾಯೋಜಕ ಕಂಪನಿಯ ಹೆಸರಿರುತ್ತದೆ. ಕೊಲ್ಲಿ ದೇಶಗಳಲ್ಲಿ ಒಬ್ಬನ ಜಾಡು ಹಿಡಿಯುವುದು ಮನೆ ವಿಳಾಸದಿಂದಲ್ಲ, ಈ ಪ್ರಾಯೋಜಕನ ಹೆಸರಿನಿಂದ. ಎಮಿರೇಟ್ಸ್ ಗುರುತಿನ ಚೀಟಿಯ ನಂಬರ್ 784ರಿಂದ ಶುರುವಾಗಿ 15 ಅಂಕಿ ಇರುತ್ತದೆ. ಸೌದಿಯ ಇಕಾಮಾ 10 ಅಂಕಿಯದು, 2ರಿಂದ ಶುರು. ಕುವೈತಿನ ಸಿವಿಲ್ ಐಡಿ 12 ಅಂಕಿ. ವಾಟ್ಸಾಪಿನ ಹಳೇ ಫೋಟೊಗಳಲ್ಲಿ ಇಂಥ ಒಂದು ಕಾರ್ಡ್ ಸಿಕ್ಕರೂ ಸಾಕು. ಹಾಗಾಗಿ ಹಳೇ ಫೋನು ಕೆಟ್ಟಿತೆಂದು ಗುಜರಿಗೆ ಹಾಕಬೇಡಿ. ರಿಪೇರಿ ಅಂಗಡಿಯಲ್ಲಿ ಒಳಗಿರುವುದನ್ನು ತೆಗೆಸಿಟ್ಟುಕೊಳ್ಳಿ. ಕೊರಿಯರ್ ಲಕೋಟೆಯ ಮೇಲಿನ ಕಳಿಸಿದವರ ವಿಳಾಸ, ಫೋಟೊದ ಹಿಂದೆ ಕಾಣುವ ಅಂಗಡಿ ಬೋರ್ಡು, ಸಮವಸ್ತ್ರದ ಮೇಲಿನ ಕಂಪನಿ ಚಿಹ್ನೆ, ಇವನ್ನೆಲ್ಲ ಒಂದು ಹಾಳೆಯಲ್ಲಿ ದಿನಾಂಕದ ಪ್ರಕಾರ ಬರೆದುಕೊಳ್ಳಿ. ಕೊನೆಯ ಕರೆ ಯಾವತ್ತು, ಯಾವ ನಂಬರಿನಿಂದ, ಏನು ಮಾತಾಯಿತು. ಜಗಳವಾಗಿದ್ದರೆ ಅದನ್ನೂ ಬರೆಯಿರಿ. ನಾಚಿಕೆಪಟ್ಟು ಅದನ್ನು ಮುಚ್ಚಿಟ್ಟರೆ ಅಧಿಕಾರಿ ತಪ್ಪು ದಾರಿಯಲ್ಲಿ ಹುಡುಕುತ್ತಾನೆ.

ಹೆಸರಿನ ವಿಷಯದಲ್ಲಿ ನಾನೇ ಎಡವಿದ್ದೇನೆ. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಹೀಗೆ ಮೂರು ಕೊಂಡಿ. ಮನೆಯಲ್ಲಿ ಕರೆಯುವುದು ನಾಲ್ಕನೆಯದು. ಈ ಹುಡುಗನನ್ನು ಹುಡುಕಿಕೊಡಿ ಎಂಬ ಅರ್ಜಿಯನ್ನು ನಾನು ತುಂಬಿದಾಗ ಶಾಲೆಯ ದಾಖಲೆಯಂತೆ ಹೆಸರು ಬರೆದೆ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಮುಂದೆ ಬಂದು, ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ‘ಎ’ ಕಡಿಮೆಯಿತ್ತು. ಅಂಥ ಹೆಸರಿನವರು ದಾಖಲೆಯಲ್ಲಿಲ್ಲ ಎಂಬ ಉತ್ತರ ಬಂತು. ತಾಯಿ ಆ ರಾತ್ರಿ ಊಟ ಮಾಡಲಿಲ್ಲವಂತೆ. ಆದ್ದರಿಂದ ಹೇಳುತ್ತೇನೆ, ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ. ಜೊತೆಗೆ ಹುಟ್ಟಿದ ದಿನಾಂಕ. ಪಾಸ್‌ಪೋರ್ಟಿನ ಪ್ರತಿಯೇ ಇಲ್ಲದಿದ್ದರೆ ಪ್ರಯಾಣ ಮಾಡಿಸಿದ ಏಜೆಂಟರ ಹತ್ತಿರ, ಟಿಕೆಟ್ ತೆಗೆದ ಅಂಗಡಿಯಲ್ಲಿ, ಬ್ಯಾಂಕ್ ಖಾತೆಯ ಅರ್ಜಿಯಲ್ಲಿ ಕೇಳಿ ನೋಡಿ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ‘ಮಗನ ಈಗಿನ ವಿಳಾಸ ಕೊಡಿ’ ಎಂದರೆ ಕೊಡುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೂ ಇನ್ನೊಬ್ಬರ ಖಾಸಗಿ ಮಾಹಿತಿ ಎಂದು 8(1)(ಜೆ) ಕಲಮಿನಡಿ ತಿರಸ್ಕರಿಸಬಹುದು. ಅಲ್ಲಿ ಬಸ್ ಚಾರ್ಜು ಕಳೆಯಬೇಡಿ.

ಕಾಗದ ಕೂಡಿದ ಮೇಲೆ ಬಾಗಿಲು ಬಡಿಯುವ ಸರದಿ. ಹೊರದೇಶದಲ್ಲಿರುವ ಭಾರತೀಯರ ಕಷ್ಟಕ್ಕೆ ವಿದೇಶಾಂಗ ಸಚಿವಾಲಯ 2015ರಲ್ಲಿ ತೆರೆದದ್ದು ‘ಮದದ್’ ಪೋರ್ಟಲ್. ಮೊಬೈಲ್ ನಂಬರ್, ಇಮೇಲ್ ಕೊಟ್ಟು ನೋಂದಾಯಿಸಿ, ದೇಶ ಮತ್ತು ರಾಯಭಾರ ಕಚೇರಿ ಆರಿಸಿ, ಕಾಗದಗಳನ್ನು ಏರಿಸಬೇಕು. ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲಿ ಹೋದರೂ ಅದನ್ನೇ ಕೇಳುತ್ತಾರೆ. ತಡವಾದ ದೂರು ಕೆಂಪು ಬಣ್ಣಕ್ಕೆ ತಿರುಗಿ ಮೇಲಿನ ಅಧಿಕಾರಿಯ ಕಣ್ಣಿಗೆ ಬೀಳುವ ವ್ಯವಸ್ಥೆ ಅದರಲ್ಲಿದೆ. ಕಂಪ್ಯೂಟರ್ ಬಾರದವರು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 1800 11 3090ಕ್ಕೆ ಕರೆ ಮಾಡಬಹುದು. ಇದೇ ಕೇಂದ್ರದ ಶಾಖೆಗಳು ದುಬೈ, ರಿಯಾದ್, ಜೆದ್ದಾ, ಕ್ವಾಲಾಲಂಪುರಗಳಲ್ಲಿವೆ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಅನಿವಾಸಿ ಭಾರತೀಯ ಸಮಿತಿ ಇದೆ. ಅಲ್ಲಿಗೆ ಒಂದು ಪ್ರತಿ ಹೋಗಲಿ.

ಒಂದೇ ದೇಶದಲ್ಲಿ ನಮ್ಮ ಒಂದಕ್ಕಿಂತ ಹೆಚ್ಚು ಕಚೇರಿಗಳಿರಬಹುದು ಎಂಬುದು ನೆನಪಿರಲಿ. ದುಬೈ, ಶಾರ್ಜಾ ಕಡೆಯವರಿಗೆ ದುಬೈನ ಕಾನ್ಸುಲೇಟ್, ಅಬುಧಾಬಿಯವರಿಗೆ ಅಲ್ಲಿನ ರಾಯಭಾರ ಕಚೇರಿ. ಅಮೆರಿಕದಲ್ಲಿ ವಾಷಿಂಗ್ಟನ್ ಬಿಟ್ಟು ನ್ಯೂಯಾರ್ಕ್, ಶಿಕಾಗೊ, ಹ್ಯೂಸ್ಟನ್, ಸ್ಯಾನ್‌ಫ್ರಾನ್ಸಿಸ್ಕೊ, ಅಟ್ಲಾಂಟ, ಸಿಯಾಟಲ್‌ಗಳಲ್ಲೂ ಕಚೇರಿಗಳಿವೆ. ತಪ್ಪು ಕಡೆ ಬರೆದ ಪತ್ರ ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ತಿಂಗಳು ಹೋಗುತ್ತದೆ. ಫೋನ್ ಮಾಡುವುದಾದರೆ ಹೊತ್ತು ನೋಡಿ: ನಮ್ಮಲ್ಲಿ ಮಧ್ಯಾಹ್ನ 12 ಆದಾಗ ದುಬೈಯಲ್ಲಿ ಬೆಳಗಿನ 10.30, ಲಂಡನ್ನಿನಲ್ಲಿ ಬೇಸಿಗೆಗೆ 7.30, ಚಳಿಗಾಲಕ್ಕೆ 6.30.

ರಾಯಭಾರ ಕಚೇರಿ ಮಾಡುವುದೇನು? ಕಂಪನಿಗೆ, ಅಲ್ಲಿನ ಪೊಲೀಸರಿಗೆ, ಆಸ್ಪತ್ರೆಗೆ, ಜೈಲಿಗೆ ಪತ್ರ ಬರೆದು ಕೇಳುತ್ತದೆ. ಅವನು ಸಂಕಷ್ಟದಲ್ಲಿದ್ದರೆ, ಕೈ ಖಾಲಿಯಾಗಿದ್ದರೆ, ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ವಸತಿ, ವಕೀಲರ ನೆರವು, ಊರಿಗೆ ಟಿಕೆಟ್ ಕೊಡಿಸಬಹುದು. 2009ರಲ್ಲಿ ಶುರುವಾದ ಈ ನಿಧಿಯ ಬಗ್ಗೆ ನಮ್ಮ ಕಡೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಉಡುಪಿ ಜಿಲ್ಲೆಯ ತಾಯಿಯೊಬ್ಬಳು 2016ರಲ್ಲಿ ಮನೆಗೆಲಸಕ್ಕೆಂದು ಹೋಗಿ ಸೌದಿಯಲ್ಲಿ ಸಿಕ್ಕಿಹಾಕಿಕೊಂಡಾಗ ಉಡುಪಿಯ ಮಾನವ ಹಕ್ಕುಗಳ ರಕ್ಷಣಾ ಪ್ರತಿಷ್ಠಾನ ವರ್ಷಕ್ಕೂ ಮೇಲೆ ಬೆನ್ನು ಹತ್ತಿ 2017ರಲ್ಲಿ ಆಕೆಯನ್ನು ಮಕ್ಕಳ ಹತ್ತಿರ ಮುಟ್ಟಿಸಿತು. ಅಲ್ಲಿ ಅಮ್ಮನನ್ನು ಹುಡುಕಿದವರು ಮಕ್ಕಳು. ನಮ್ಮ ವಿಷಯ ತಿರುಗುಮುರುಗು, ದಾರಿ ಮಾತ್ರ ಒಂದೇ.

ರಾಯಭಾರ ಕಚೇರಿ ಮಾಡಲಾರದ್ದೂ ಒಂದಿದೆ. ಮಗ ಸಿಕ್ಕ, ಚೆನ್ನಾಗಿದ್ದಾನೆ, ಆದರೆ ‘ನನ್ನ ವಿಳಾಸ ಮನೆಗೆ ಕೊಡಬೇಡಿ’ ಎಂದ ಎನ್ನಿ. ಆಗ ಕೊಡುವಂತಿಲ್ಲ. 18 ದಾಟಿದವನಿಗೆ ತನ್ನನ್ನು ಹುಡುಕಬೇಡಿ ಎನ್ನುವ ಅಧಿಕಾರವೂ ಇದೆ. ಹೊರದೇಶದ ಜೈಲುಗಳಲ್ಲಿ 10 ಸಾವಿರಕ್ಕೂ ಹೆಚ್ಚು ಭಾರತೀಯರಿದ್ದಾರೆಂದು ಸರ್ಕಾರ 2025ರಲ್ಲಿ ಸಂಸತ್ತಿಗೆ ಹೇಳಿತು. ಅವರ ವಿಷಯದಲ್ಲೂ, ಕೈದಿ ಒಪ್ಪದೆ ಹೋದರೆ ಎಷ್ಟೋ ದೇಶಗಳು ನಮ್ಮ ರಾಯಭಾರಿಗೂ ಬಾಯಿ ಬಿಡುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ‘ನಾನು ಅವರಪ್ಪ, ಫೀ ಕಟ್ಟಿದವನು ನಾನೇ’ ಎಂದರೂ ಅಷ್ಟೇ. 1974ರ ಕಾನೂನೊಂದು ಅಲ್ಲಿ ವಿದ್ಯಾರ್ಥಿಯ ದಾಖಲೆಗೆ ವಿದ್ಯಾರ್ಥಿಯನ್ನೇ ಯಜಮಾನನನ್ನಾಗಿ ಮಾಡಿದೆ. ನಮಗೆ ಇದು ಗಂಟಲಲ್ಲಿ ಇಳಿಯದ ಮಾತು. ಹೊಲ ಮಾರಿ ಓದಿಸಿದ ಅಪ್ಪನಿಗೆ ಇನ್ನೂ ಇಳಿಯದು. ಆದರೂ ಈ ಗೋಡೆಗೆ ಹಣೆ ಚಚ್ಚಿಕೊಳ್ಳುವ ಬದಲು ಅದರಲ್ಲಿರುವ ಕಿಂಡಿ ನೋಡಬೇಕು.

ಕಿಂಡಿ ಇದು: ವಿಳಾಸ ಕೇಳಬೇಡಿ, ಕ್ಷೇಮ ಕೇಳಿ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಮನೆಯವರು ಆತಂಕ ಹೇಳಿಕೊಂಡರೆ ಆ ಊರಿನ ಪೊಲೀಸರು ಕೊನೆಯ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿ ವಿಚಾರಿಸುತ್ತಾರೆ. ವೆಲ್ಫೇರ್ ಚೆಕ್ ಅನ್ನುತ್ತಾರೆ ಅದಕ್ಕೆ. ‘ಕಂಡೆವು, ಆರೋಗ್ಯವಾಗಿದ್ದಾರೆ’ ಎಂಬಷ್ಟು ಉತ್ತರ ಸಿಗುತ್ತದೆ. ಇಂಗ್ಲಿಷ್ ಬರುವ ಒಬ್ಬರನ್ನು ಕೂರಿಸಿಕೊಂಡು ಕರೆ ಮಾಡಿಸಿ. ನಾಲ್ಕೇ ವಾಕ್ಯ ಸಾಕು: ಯಾರು, ಕೊನೆಗೆ ಮಾತಾಡಿದ್ದು ಯಾವಾಗ, ಯಾಕೆ ಆತಂಕ, ಕೊನೆಯ ವಿಳಾಸ. ಬ್ರಿಟನ್ನಿನಲ್ಲಿ ಸಾಲ್ವೇಷನ್ ಆರ್ಮಿ 1885ರಿಂದ ಬಿಟ್ಟುಹೋದ ಸಂಬಂಧಿಕರನ್ನು ಹುಡುಕಿಕೊಡುವ ಕೆಲಸ ಮಾಡುತ್ತಿದೆ. ಅವರ ನಿಯಮವೂ ಇದೇ: ಸಿಕ್ಕವರು ಒಪ್ಪಿದರೆ ಮಾತ್ರ ವಿಳಾಸ. ಯುದ್ಧ, ನೆರೆ, ವಲಸೆಯ ದಾರಿಯಲ್ಲಿ ತಪ್ಪಿಹೋದವರಿಗೆ ರೆಡ್‌ಕ್ರಾಸ್ ಇದೆ. ಅದು ಈ ಕೆಲಸಕ್ಕೆ ಕೈಹಾಕಿದ್ದು 1870ರ ಯುದ್ಧದ ಹೊತ್ತಿಗೆ. ಮನೆಯ ಜಗಳಕ್ಕೆ ರೆಡ್‌ಕ್ರಾಸ್ ಬರುವುದಿಲ್ಲ.

ಮದುವೆಯಾಗಿ ಹೋದ ಮಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಅವಳು ಮಾತು ಬಿಟ್ಟಳೋ, ಮಾತು ಬಿಡಿಸಿದರೋ? ಫೋನ್ ಯಾವಾಗಲೂ ಗಂಡನೇ ಎತ್ತುತ್ತಾನೆ, ಅವಳು ಮಾತಾಡುವಾಗ ಪಕ್ಕದಲ್ಲಿ ಯಾರೋ ಇರುತ್ತಾರೆ, ಉತ್ತರ ‘ಹ್ಞೂ, ಅರಾಮ’ ಎಂಬಷ್ಟೇ. ಇಂಥದ್ದನ್ನು ಹೆಮ್ಮೆಗೋ ಮುನಿಸಿಗೋ ಬಿಟ್ಟುಕೊಡಬಾರದು. ಕ್ಷೇಮ ವಿಚಾರಣೆಗೆ ಕೇಳುವಾಗ ಮಗಳನ್ನು ಒಬ್ಬಳನ್ನೇ ಮಾತಾಡಿಸಿ ಎಂದು ಹೇಳಿ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಮದುವೆಗಳಿಗೆಂದೇ ಒಂದು ಘಟಕವಿದೆ. ಅವಳೇ ಜಾತಿ ಮೀರಿ ಮದುವೆಯಾಗಿ ದೂರವಾಗಿದ್ದರೆ ಮಾತ್ರ ಆಯೋಗಕ್ಕಿಂತ ಮೊದಲು ನಿಮ್ಮ ಮನೆಯ ಪಡಸಾಲೆಯಲ್ಲಿ ಒಂದು ತೀರ್ಮಾನ ಆಗಬೇಕು: ಸಿಕ್ಕರೆ ಏನು ಮಾಡುತ್ತೀರಿ? ಉತ್ತರ ಗೊತ್ತಿಲ್ಲದಿದ್ದರೆ ಹುಡುಕಲು ಹೋಗಬೇಡಿ. ಇಂಥ ಹುಡುಕಾಟಕ್ಕೆ ನಾನು ಕೈಜೋಡಿಸುವುದಿಲ್ಲ, ಕೇಳಿದವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ.

ಪೊಲೀಸ್ ಠಾಣೆಗೆ ಯಾವಾಗ? ಕಾಣೆ ಎಂಬ ಲಕ್ಷಣಗಳಿದ್ದರೆ ಹತ್ತಿರದ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪರದೇಶದ ಕೇಸು ನಮಗೆ ಬರೋದಿಲ್ಲ ಎಂದರೆ, ಹುಬ್ಬಳ್ಳಿಯವರಾದರೆ ನವನಗರದ ಪೊಲೀಸ್ ಕಮಿಷನರ್ ಕಚೇರಿಗೆ ಹೋಗಿ. ಇಂಟರ್‌ಪೋಲ್ ಕಾಣೆಯಾದವರಿಗೆ ಹೊರಡಿಸುವ ಹಳದಿ ನೋಟಿಸ್ ನೀವು ನೇರವಾಗಿ ಕೇಳಿದರೆ ಸಿಗದು. ಇಲ್ಲಿಯ ಪೊಲೀಸರ ಮೂಲಕ ಸಿಬಿಐಗೆ ಹೋಗಿ ಅಲ್ಲಿಂದ ಆಗಬೇಕು. ಅದಕ್ಕೆಂದು 2025ರ ಜನವರಿಯಲ್ಲಿ ‘ಭಾರತ್‌ಪೋಲ್’ ಎಂಬ ವ್ಯವಸ್ಥೆ ಬಂದು ಕಾಗದ ಓಡಾಟ ಕಡಿಮೆಯಾಗಿದೆ. ಏಜೆಂಟ್ ಮೋಸ ಮಾಡಿದ್ದರೆ ಅದು 1983ರ ವಲಸೆ ಕಾಯ್ದೆಯಡಿ ಅಪರಾಧ, ಎಫ್‌ಐಆರ್ ಆಗಲೇಬೇಕು. ಅವನಿಗೆ ಲೈಸೆನ್ಸ್ ಇದೆಯೋ ಇಲ್ಲವೋ ಎಂಬುದು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಗೊತ್ತಾಗುತ್ತದೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ಕರೆದೊಯ್ದು ಮ್ಯಾನ್ಮಾರಿನ ಸೈಬರ್ ಮೋಸದ ಕೋಟೆಗಳಲ್ಲಿ ಕೂಡಿಹಾಕುವ ದಂಧೆಯಿಂದ 2025ರ ಮಾರ್ಚ್‌ನಲ್ಲಿ ಎರಡೇ ದಿನದಲ್ಲಿ 549 ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತಂದರು. ಅಲ್ಲಿದ್ದವರ ಮನೆಯಲ್ಲೂ ಮೊದಲು ‘ಮಗ ಸೊಕ್ಕಿನಿಂದ ಫೋನ್ ಎತ್ತುತ್ತಿಲ್ಲ’ ಎಂದೇ ಅಂದುಕೊಂಡಿರಬಹುದು.

ಹುಡುಕಾಟದ ಸುದ್ದಿ ಹೊರಬಿದ್ದರೆ ಸಾಕು, ಹದ್ದುಗಳು ಇಳಿಯುತ್ತವೆ. ‘ನಿಮ್ಮ ಮಗ ಜೈಲಿನಲ್ಲಿದ್ದಾನೆ, ಬಿಡಿಸಲು ಇಂತಿಷ್ಟು ಕಳಿಸಿ’ ಎಂದು ಕರೆ ಬರುತ್ತದೆ. ಈಗ ಮಗನ ದನಿಯನ್ನೇ ಕಂಪ್ಯೂಟರಿನಲ್ಲಿ ಮಾಡಿ ಕೇಳಿಸುತ್ತಾರೆ. ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಕೇಳಿ, ಅಜ್ಜಿ ಆಕಳಿಗೆ ಏನಂತ ಕರೀತಿದ್ದಳು ಅನ್ನುವಂಥದ್ದು. ರೊಕ್ಕ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಫೇಸ್‌ಬುಕ್ಕಿಗೆ ಪಾಸ್‌ಪೋರ್ಟ್ ಫೋಟೊ ಹಾಕಬೇಡಿ. ಮಗ ಇರುವ ದೇಶದ ಕನ್ನಡ ಸಂಘಗಳು ಒಳ್ಳೆಯ ದಾರಿ. ಕೊಲ್ಲಿಯಲ್ಲಿ, ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಕನ್ನಡ ಕೂಟಗಳಿಲ್ಲದ ದೊಡ್ಡ ಊರು ಕಡಿಮೆ. ಆದರೆ ‘ಇವನನ್ನು ಹಿಡಿದುಕೊಡಿ’ ಎಂದು ಗುಂಪಿಗೆ ಹಾಕಬೇಡಿ. ಒಬ್ಬ ಹಿರಿಯರನ್ನು ಹಿಡಿದು, ಪತ್ರ ಮುಟ್ಟಿಸಲು ಸಾಧ್ಯವೇ ಎಂದಷ್ಟೇ ಕೇಳಿ.

ಕೋರ್ಟಿನ ಮಾತನ್ನು ಬೇಗ ಮುಗಿಸುತ್ತೇನೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಮಕ್ಕಳಿಂದ ಜೀವನಾಂಶ ಕೇಳಬಹುದು. ಮಗ ದೇಶದ ಹೊರಗಿದ್ದರೂ ಸಮನ್ಸ್ ಕಳಿಸಲು ಅದರಲ್ಲಿ ಅವಕಾಶವಿದೆ. ಔಷಧಕ್ಕೂ ರೊಕ್ಕ ಇಲ್ಲದಿದ್ದರೆ ಖಂಡಿತ ಕೇಳಿ, ಹಿರಿಯರ ಸಹಾಯವಾಣಿ 14567 ಇದೆ. ಮಗನನ್ನು ಮಾತಾಡಿಸಲು ಮಾತ್ರ ಈ ಅಸ್ತ್ರ ಬಳಸಬೇಡಿ, ಸಮನ್ಸ್ ಕೈಗೆ ಬಂದ ಮೇಲೆ ಯಾರೂ ‘ಅವ್ವಾ’ ಎಂದು ಫೋನ್ ಮಾಡುವುದಿಲ್ಲ. ಏಳು ವರ್ಷ ಸುದ್ದಿಯೇ ಇಲ್ಲದವರನ್ನು ತೀರಿಕೊಂಡರೆಂದು ಭಾವಿಸುವ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮಿನಲ್ಲಿದೆ. ಆಸ್ತಿಯ ಪ್ರಶ್ನೆ ಬಂದಾಗ ವಕೀಲರೇ ಅದನ್ನು ತೆಗೆಯುತ್ತಾರೆ, ನೀವು ಈಗಲೇ ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ.

ಇಷ್ಟೆಲ್ಲ ಆದ ಮೇಲೂ ಕೊನೆಗೆ ಉಳಿಯುವುದು ಒಂದು ಪತ್ರ. ಕಚೇರಿಯವರು ಮುಟ್ಟಿಸಲಿ, ಸಂಘದವರು ಮುಟ್ಟಿಸಲಿ, ಅದರಲ್ಲಿ ಏನಿದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಗಬ್ಬೂರಿನ ಆ ಮನೆಯಲ್ಲಿ ಮೊದಲ ಪತ್ರ ಬರೆದದ್ದು ಅಪ್ಪ. ಮೂರು ಹಾಳೆ. ಸಾಕಿದ್ದು, ಓದಿಸಿದ್ದು, ಸಾಲ, ಜನ ಏನಂತಾರೆ, ಕೊನೆಗೆ ‘ನಿಮ್ಮವ್ವ ಹಾಸಿಗಿ ಹಿಡದಾಳ’ ಎಂಬ ಸುಳ್ಳು. ಆಕೆ ಅಲ್ಲೇ ನಿಂತು ಚಹಾ ಸೋಸುತ್ತಿದ್ದರು. “ನಾ ಯಾವಾಗ ಹಿಡದೆ?” ಅಂದರು. ಹಾಳೆಗಳನ್ನು ಹರಿದು ಹಾಕಿ ತಾವು ಹೇಳಿ ಬರೆಸಿದರು:

“ತಮ್ಮಾ, ನಾವು ಅರಾಮ ಅದೀವಿ. ಅವತ್ತ ಫೋನಿನ್ಯಾಗ ಆಡಬಾರದ ಮಾತು ಆಡಿದ್ವಿ, ತಪ್ಪಾತು. ಬಾ ಅಂತ ಬರಸಾಕತ್ತಿಲ್ಲ, ರೊಕ್ಕಾ ಕಳಸು ಅಂತನೂ ಅಲ್ಲ. ನೀ ಕಳಿಸಿದ್ದು ಮುಟ್ಟೈತಿ, ಈಗ ನೋಡಿದ್ವಿ. ಅರಾಮ ಅದೀನಿ ಅಂತ ಒಂದ ಅಕ್ಷರ ಹಾಕು. ನನ್ನ ನಂಬರ ಅದ ಐತಿ.”

ಇದಕ್ಕಿಂತ ಚೆನ್ನಾಗಿ ಬರೆಯುವುದು ನನಗೆ ಗೊತ್ತಿಲ್ಲ. ವರ್ಷಕ್ಕೆ ಎರಡು ಸಲ ಕಳಿಸಿ, ಯುಗಾದಿಗೊಮ್ಮೆ, ಹುಟ್ಟಿದ ದಿನಕ್ಕೊಮ್ಮೆ. ಹೊಸ ಹೊಸ ನಂಬರಿನಿಂದ ದಿನಕ್ಕೆ ಇಪ್ಪತ್ತು ಸಲ ಕರೆ ಮಾಡುವುದು ಬೇಡ.

ಪತ್ರದಲ್ಲಿ ಬರೆದ ಆ ನಂಬರನ್ನು ಉಳಿಸಿಕೊಳ್ಳುವುದೂ ಒಂದು ಕೆಲಸ. 90 ದಿನ ಬಳಸದ ಸಿಮ್ಮನ್ನು ಕಂಪನಿ ನಿಲ್ಲಿಸಿ, ನಂಬರನ್ನು ಮುಂದೆ ಬೇರೆಯವರಿಗೆ ಕೊಡಬಹುದು. ಸೊಸೆ ಹೊಸ ಫೋನ್ ಕೊಡಿಸಿದಳೆಂದು, ಆಫರ್ ಬಂತೆಂದು ಹಳೇ ನಂಬರ್ ಬಿಟ್ಟವರನ್ನು ಕಂಡಿದ್ದೇನೆ. ಮಕ್ಕಳಿಗೆ ಬಾಯಿಪಾಠ ಇರುವುದು ಅದೊಂದೇ. ಆ ತಾಯಿಯ ಮೂಲೆ ಒಡೆದ ಕೀಪ್ಯಾಡ್ ಫೋನಿಗೆ ರಬ್ಬರ್ ಸುತ್ತಿದೆ, ರಸೀದಿಗಳಿಗೆ ಸುತ್ತಿದಂಥದ್ದೇ. ಪ್ರತಿ ತಿಂಗಳು ಬೈಪಾಸ್ ಬದಿಯ ಅಂಗಡಿಗೆ ಹೋಗಿ ಅದಕ್ಕೆ ರಿಚಾರ್ಜ್ ಮಾಡಿಸುತ್ತಾರೆ. ಅಂಗಡಿಯ ಹುಡುಗ ಈಗ ನಂಬರ್ ಕೇಳುವುದಿಲ್ಲ.